ಗೊತ್ತಿಲ್ಲ ಎನ್ನುವುದೂ ಮಾಹಿತಿಯೇ

ನನ್ನ ಮುಷ್ಟಿಯಲ್ಲಿ ಒಂದು ನಾಣ್ಯ ಇದೆ. ಈಗಷ್ಟೇ ನಿಮ್ಮೆಲ್ಲರ ಕಣ್ಣೆದುರು ಚಿಮ್ಮಿ ಹಿಡಿದದ್ದು. ಹೆಡ್ ಬಿದ್ದಿದೆಯೋ ಟೇಲ್ ಬಿದ್ದಿದೆಯೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮುಂದಿನ ಸಾಲಿನಿಂದ ಯಾರೋ "ಹೆಡ್" ಅಂದರು. ಆ ದನಿಯಲ್ಲಿ ಅನುಮಾನದ ಸುಳಿವೇ ಇರಲಿಲ್ಲ, ಗಮನಿಸಿದಿರಾ? ಈಗ ಮುಷ್ಟಿ ಬಿಚ್ಚುತ್ತೇನೆ. ಟೇಲ್.

ಈ ಗಳಿಗೆಯಲ್ಲಿ ನಿಮಗೆ ಸಿಕ್ಕಿದ ಮಾಹಿತಿಗೆ ಒಂದು ಅಳತೆ ಇದೆ: ಒಂದು ಬಿಟ್. ಎರಡೂ ಬದಿಗೆ ಹೆಡ್ಡೇ ಇರುವ ನಾಣ್ಯವನ್ನು ಚಿಮ್ಮಿದ್ದರೆ ನಿಮಗೆ ಸಿಗುತ್ತಿದ್ದುದು ಸೊನ್ನೆ. ಏಕೆಂದರೆ ಅಲ್ಲಿ ತಿಳಿಯಬೇಕಾದದ್ದು ಏನೂ ಇರಲಿಲ್ಲ. ಎಲ್ಲಿ ಅನಿಶ್ಚಿತತೆ ಇದೆಯೋ ಅಲ್ಲಿ ಮಾತ್ರ ಮಾಹಿತಿಗೆ ಜಾಗ. ಇದನ್ನು ಲೆಕ್ಕದಲ್ಲಿ ಹಿಡಿದು ತೋರಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ಕ್ಲಾಡ್ ಶಾನನ್. 1948ರ ಜುಲೈ ಮತ್ತು ಅಕ್ಟೋಬರ್‌ನಲ್ಲಿ ಎರಡು ಕಂತುಗಳಾಗಿ ಅವರ ಲೇಖನ ಪ್ರಕಟವಾಯಿತು. ಆಗ ಅವರಿಗೆ 32 ವರ್ಷ. ನಮ್ಮ ಫೋನು, ಇಂಟರ್ನೆಟ್ಟು, ಉಪಗ್ರಹ ಎಲ್ಲಕ್ಕೂ ಅಡಿಪಾಯ ಆ ಲೇಖನ. ಅದರ ಆರಂಭದಲ್ಲೇ ಶಾನನ್ ಒಂದು ಮಾತನ್ನು ಸ್ಪಷ್ಟ ಮಾಡುತ್ತಾರೆ: ಸಂದೇಶದ ಅರ್ಥಕ್ಕೂ, ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಿಸುವ ಈ ಎಂಜಿನಿಯರಿಂಗ್ ಸಮಸ್ಯೆಗೂ ಸಂಬಂಧವಿಲ್ಲ. ಸಂದೇಶ ನಿಜವೋ ಸುಳ್ಳೋ ಅವರ ಲೆಕ್ಕಕ್ಕೆ ಬೇಕಿರಲಿಲ್ಲ. ತಂತಿಯಲ್ಲಿ ಸುಳ್ಳಿಗೂ ನಿಜಕ್ಕೂ ಒಂದೇ ಬಾಡಿಗೆ.

ಅದೇ ವರ್ಷ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. 48 ದೇಶಗಳು ಪರ, ವಿರುದ್ಧ ಒಂದೂ ಇಲ್ಲ, 8 ತಟಸ್ಥ. ಅದರ 19ನೇ ವಿಧಿ ಯಾವುದೇ ಮಾಧ್ಯಮದ ಮೂಲಕ, ಗಡಿಗಳ ಹಂಗಿಲ್ಲದೆ, ಮಾಹಿತಿಯನ್ನು ಹುಡುಕುವ, ಪಡೆಯುವ, ಹಂಚುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎನ್ನುತ್ತದೆ.

ಹೀಗೆ ಒಂದೇ ವರ್ಷದಲ್ಲಿ ಮಾಹಿತಿಗೆ ಅಳತೆಯೂ ಸಿಕ್ಕಿತು, ಅದು ಮನುಷ್ಯನ ಹಕ್ಕು ಎಂದೂ ಆಯಿತು. ಅಳತೆ ಕೊಟ್ಟವರು ಅನಿಶ್ಚಿತತೆಯನ್ನು ನಡುಮನೆಯಲ್ಲಿ ಕೂರಿಸಿದರು. ಹಕ್ಕು ಕೊಟ್ಟವರು ಅದರ ಮಾತೇ ಎತ್ತಲಿಲ್ಲ. ಹಕ್ಕಿನ ಆ ವಾಕ್ಯದಲ್ಲಿ ಒಂದು ಪದ ಕಡಿಮೆ ಬಿದ್ದಿದೆ ಎಂದು ನನಗೆ ಬಹಳ ದಿನದಿಂದ ಅನಿಸುತ್ತಿದೆ. ಮಾಹಿತಿ ಪಡೆಯುವ ಹಕ್ಕು ಎಂದರೆ, ಆ ಮಾಹಿತಿ ಎಷ್ಟು ಗಟ್ಟಿ, ಎಷ್ಟು ಟೊಳ್ಳು ಎಂದು ತಿಳಿಯುವ ಹಕ್ಕೂ ಅದರೊಳಗೆ ಸೇರಬೇಕು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ.

ಮೊದಲು ನಮಗೆಲ್ಲ ಚೆನ್ನಾಗಿ ಪರಿಚಯವಿರುವ ಅನ್ಯಾಯದಿಂದ ಶುರು ಮಾಡೋಣ, ಮುಚ್ಚಿಡುವುದರಿಂದ. 1986ರ ಏಪ್ರಿಲ್ 28, ಸೋಮವಾರ ಬೆಳಿಗ್ಗೆ. ಸ್ವೀಡನ್ನಿನ ಫೋರ್ಸ್‌ಮಾರ್ಕ್ ಅಣು ವಿದ್ಯುತ್ ಸ್ಥಾವರ. ಅಲ್ಲಿನ ಕೆಲಸಗಾರರೊಬ್ಬರು ವಿಕಿರಣ ತಪಾಸಣೆಯ ಯಂತ್ರದ ಮುಂದೆ ನಿಂತರೆ ಅಲಾರಾಂ ಬಡಿದುಕೊಂಡಿತು. ಅವರು ಆವತ್ತು ಇನ್ನೂ ರಿಯಾಕ್ಟರ್ ಇರುವ ಕಡೆ ಕಾಲೇ ಇಟ್ಟಿರಲಿಲ್ಲ. ಹೊತ್ತು ಹೋದ ಹಾಗೆ ಯಂತ್ರದ ಮುಂದೆ ಸಾಲು ಬೆಳೆಯಿತು, ಯಾರು ನಿಂತರೂ ಅಲಾರಾಂ. ಕೊನೆಗೆ ಒಬ್ಬರ ಬೂಟನ್ನೇ ಬಿಚ್ಚಿಸಿ ಪ್ರಯೋಗಾಲಯದಲ್ಲಿ ಅಳೆದು ನೋಡಿದರೆ, ಅವರ ಸ್ಥಾವರದಲ್ಲಿ ಮಾಮೂಲಾಗಿ ಕಾಣದ ವಿಕಿರಣ ಧಾತುಗಳು. ಹೊರಗಿನಿಂದ, ಮಳೆ ಬಿದ್ದ ನೆಲದಿಂದ ಬೂಟಿಗೆ ಅಂಟಿಕೊಂಡು ಬಂದಿದ್ದವು.

ಸುಮಾರು 1,100 ಕಿಲೋಮೀಟರ್ ದೂರದಲ್ಲಿ, ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್‌ನಲ್ಲಿ ರಿಯಾಕ್ಟರ್ ಸ್ಫೋಟಗೊಂಡು ಆಗಲೇ ಎರಡು ದಿನ ಕಳೆದಿತ್ತು. ಪಕ್ಕದ ಪ್ರಿಪ್ಯಾತ್ ಊರಿನ ಜನರನ್ನು ಸಾಗಿಸಲು ಶುರು ಮಾಡಿದ್ದು ಸುಮಾರು 36 ಗಂಟೆ ತಡವಾಗಿ. ಅವರು ಹೊರಟದ್ದು ಮೂರು ದಿನದಲ್ಲಿ ಮರಳುತ್ತೇವೆ ಎಂಬ ನಂಬಿಕೆಯಲ್ಲಿ. ಸ್ವೀಡನ್ ಕೇಳಲು ಶುರು ಮಾಡಿದ ಮೇಲೆ, 28ರ ರಾತ್ರಿ, ಸೋವಿಯತ್ ಟಿವಿಯಲ್ಲಿ ಕೆಲವೇ ವಾಕ್ಯಗಳ ಒಂದು ಪ್ರಕಟಣೆ ಬಂತು. ಒಂದು ಸಾಮ್ರಾಜ್ಯ ಮುಚ್ಚಿಟ್ಟದ್ದನ್ನು ಒಂದು ಬೂಟಿನ ಅಟ್ಟೆ ಹೊರಗೆ ಹಾಕಿತು.

ಇದಕ್ಕೆ ಮದ್ದು ಏನೆಂದು ನಮಗೆ ಗೊತ್ತಿದೆ. ಮದ್ದು ಹಳೆಯದೂ ಹೌದು. ಮೊದಲು ಅರೆದವರೂ ಅದೇ ಸ್ವೀಡನ್ನಿನವರು, 1766ರಲ್ಲಿ. ಆ ಕಾಯ್ದೆಯ ಹಿಂದಿದ್ದ ಮುಖ್ಯ ವ್ಯಕ್ತಿ ಆಂಡರ್ಸ್ ಶಿಡೆನಿಯಸ್ ಎಂಬ ಪಾದ್ರಿ. ಆಗ ಸ್ವೀಡನ್ನಿನ ಭಾಗವಾಗಿದ್ದ ಫಿನ್ಲೆಂಡಿನ ಕಡೆಯವರು. ಸರ್ಕಾರದ ಕಡತಗಳನ್ನು ಯಾರು ಬೇಕಾದರೂ ನೋಡಬಹುದು, ಅಚ್ಚು ಹಾಕಿಸಬಹುದು ಎಂದಿತು ಆ ಕಾಯ್ದೆ. ಕೆಲವೇ ವರ್ಷಗಳಲ್ಲಿ ರಾಜ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡು ಅದನ್ನು ಮೊಟಕುಗೊಳಿಸಿದ. ಆದರೂ ಬೀಜ ಉಳಿಯಿತು. ಅಮೆರಿಕದಲ್ಲಿ ಇಂಥ ಕಾಯ್ದೆ ಬರಲು ಸರಿಯಾಗಿ 200 ವರ್ಷ ಬೇಕಾಯಿತು, 1966. ಭಾರತದಲ್ಲಿ 2005. ಈ ಕಾಯ್ದೆಗಳಿಗಾಗಿ ಜನ ಪಟ್ಟ ಪಾಡನ್ನು ನಾನು ಕೈಮುಗಿದು ನೆನೆಯುತ್ತೇನೆ. ಆದರೆ ಇವೆಲ್ಲವೂ ಬೀಗ ಹಾಕಿದ ಕಪಾಟನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕಾಯ್ದೆಗಳು. ಬೀಗ ತೆಗೆಸಿದರೆ ಒಳಗೆ ನಿಜ ಇರುತ್ತದೆ ಎಂಬ ಭರವಸೆ ಅವುಗಳ ತಳದಲ್ಲಿದೆ. ಕಪಾಟಿನೊಳಗೆ ಇರುವುದೇ "ಗೊತ್ತಿಲ್ಲ" ಆಗಿದ್ದರೆ?

ಇಟಲಿಯ ಲಾಕ್ವಿಲಾ ಊರಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದೇ ಅದನ್ನು ಓದಿದಾಗ. 2009ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಸಣ್ಣ ಸಣ್ಣ ಕಂಪನಗಳು ಬಿಡದೆ ಆಗುತ್ತಿದ್ದವು. ಜನ ಕಂಗಾಲಾಗಿದ್ದರು. ಒಬ್ಬ ತಂತ್ರಜ್ಞರು ನೆಲದಿಂದ ಹೊರಬರುವ ರೇಡಾನ್ ಅನಿಲವನ್ನು ಅಳೆದು ದೊಡ್ಡ ಭೂಕಂಪ ಬರಲಿದೆ ಎನ್ನುತ್ತಿದ್ದರು. ಆ ವಿಧಾನಕ್ಕೆ ವಿಜ್ಞಾನದ ಒಪ್ಪಿಗೆ ಇರಲಿಲ್ಲ. ಜನರ ಗಾಬರಿ ಇಳಿಸಬೇಕೆಂದು ಮಾರ್ಚ್ 31ರಂದು ತಜ್ಞರ ಸಭೆ ಕರೆದರು. ಇಂಥ ಸಣ್ಣ ಕಂಪನಗಳ ಸರಣಿಯ ಹಿಂದೆ ದೊಡ್ಡ ಭೂಕಂಪ ಬರುವುದು ಅಪರೂಪ, ಆದರೆ ಬರುವುದೇ ಇಲ್ಲ ಎನ್ನಲು ಆಗದು: ವಿಜ್ಞಾನಕ್ಕೆ ಗೊತ್ತಿದ್ದುದು ಇಷ್ಟೇ. ಸಭೆಗೆ ಮುಂಚೆ ನಾಗರಿಕ ರಕ್ಷಣಾ ಇಲಾಖೆಯ ಅಧಿಕಾರಿಯೊಬ್ಬರು ಟಿವಿಯವರ ಮುಂದೆ ಹೇಳಿದ್ದು ಬೇರೆ. ಅಪಾಯವಿಲ್ಲ, ಭೂಮಿಯೊಳಗಿನ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಹೊರಗೆ ಹೋಗುತ್ತಿರುವುದರಿಂದ ಇದು ಒಳ್ಳೆಯದೇ ಎಂದು ವಿಜ್ಞಾನಿಗಳು ತಿಳಿಸಿದ್ದಾರೆ ಎಂದರು. ಆ ವಿವರಣೆ ವೈಜ್ಞಾನಿಕವಾಗಿ ತಪ್ಪು.

ಕಂಪನ ಆದ ರಾತ್ರಿ ಮನೆ ಬಿಟ್ಟು ಹೊರಗೆ ಬಂದು ಬಯಲಲ್ಲಿ ಕಳೆಯುವುದು ಅಲ್ಲಿನ ಹಿರಿಯರಿಂದ ಬಂದ ರೂಢಿ. ಏಪ್ರಿಲ್ 5ರ ರಾತ್ರಿ 11ರ ಸುಮಾರಿಗೆ ಒಂದು ಕಂಪನ ಆಯಿತು, ಮಧ್ಯರಾತ್ರಿ ದಾಟಿದ ಮೇಲೆ ಇನ್ನೊಂದು. ಕೆಲವರು ಹೊರಗೆ ಬಂದರು. ಕೆಲವರು ಟಿವಿಯ ಭರವಸೆಯನ್ನು ನೆನೆದು ಮನೆಯಲ್ಲೇ ಉಳಿದರು. ಬೆಳಗಿನ ಜಾವ 3 ಗಂಟೆ 32 ನಿಮಿಷಕ್ಕೆ 6.3 ತೀವ್ರತೆಯ ಭೂಕಂಪ. 300ಕ್ಕೂ ಹೆಚ್ಚು ಜನ ಸತ್ತರು. ಮನೆಯಲ್ಲೇ ಇರೋಣ ಎಂದು ತಾವೇ ಹೇಳಿದ್ದೆವು ಎಂದು ಹೆಂಡತಿ ಮಕ್ಕಳನ್ನು ಕಳೆದುಕೊಂಡವರು ಕೋರ್ಟಿನಲ್ಲಿ ಸಾಕ್ಷಿ ನುಡಿದರು. 2012ರಲ್ಲಿ ಆರು ವಿಜ್ಞಾನಿಗಳಿಗೂ ಆ ಅಧಿಕಾರಿಗೂ ಆರು ವರ್ಷಗಳ ಸೆರೆವಾಸ ವಿಧಿಸಿದರು. ಭೂಕಂಪ ಊಹಿಸಲಿಲ್ಲವೆಂದು ವಿಜ್ಞಾನಿಗಳಿಗೆ ಶಿಕ್ಷೆಯೇ ಎಂದು ಜಗತ್ತು ಬೆಚ್ಚಿಬಿತ್ತು. 2014ರಲ್ಲಿ ಮೇಲ್ಮನವಿ ಕೋರ್ಟು ವಿಜ್ಞಾನಿಗಳನ್ನು ಬಿಡುಗಡೆ ಮಾಡಿ, ಅಧಿಕಾರಿಯ ಶಿಕ್ಷೆಯನ್ನು ಎರಡು ವರ್ಷಕ್ಕೆ ಇಳಿಸಿತು.

ಭೂಕಂಪದ ದಿನ ಗಳಿಗೆಯನ್ನು ಯಾರಿಂದಲೂ ಹೇಳಲು ಆಗುವುದಿಲ್ಲ. ಅದನ್ನು ಹೇಳಲಿಲ್ಲವೆಂದು ಯಾರನ್ನೂ ದೂರಬಾರದು. ಆ ಊರಿನ ಜನರಿಗೆ ಆದ ಅನ್ಯಾಯ ಬೇರೆ: ಅವರ ಪಾಲಿಗೆ ಬರಬೇಕಿದ್ದ "ಗೊತ್ತಿಲ್ಲ" ಅವರಿಗೆ ತಲುಪಲಿಲ್ಲ. ಅದೊಂದು ತಲುಪಿದ್ದರೆ ಹಿರಿಯರ ರೂಢಿಯಂತೆ ಬಯಲಿಗೆ ಹೋಗಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುತ್ತಿದ್ದರು. ಚೆರ್ನೋಬಿಲ್‌ನಲ್ಲಿ ಗೊತ್ತಿದ್ದುದನ್ನು ಮುಚ್ಚಿಟ್ಟರು. ಇಲ್ಲಿ ಗೊತ್ತಿಲ್ಲದ್ದನ್ನು ಮುಚ್ಚಿಟ್ಟರು. ಎರಡನ್ನೂ ನಾನು ಸೆನ್ಸಾರ್ ಎಂದೇ ಕರೆಯುತ್ತೇನೆ. ಮೊದಲನೆಯದಕ್ಕೆ ಕಾಯ್ದೆ ಇದೆ, ಎರಡನೆಯದಕ್ಕೆ ಇನ್ನೂ ಹೆಸರೂ ಇಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನಮ್ಮ ನುಡಿಯ ಬಗ್ಗೆ ಒಂದು ಮಾತು. ಮಳೆ ಬರುತ್ತದೆ. ಮಳೆ ಬರಬಹುದು. ಮಳೆ ಬಂದೀತು. ಮಳೆ ಬರುತ್ತದಂತೆ. ನಾಲ್ಕೂ ಮಳೆಯ ಮಾತೇ, ಆದರೆ ಹೇಳುವವರ ಹೊಣೆ ನಾಲ್ಕರಲ್ಲೂ ಬೇರೆ ಬೇರೆ. "ಬಂದೀತು" ಎಂಬುದನ್ನು ಶಾಲೆಯಲ್ಲಿ ಸಂಭಾವನಾರ್ಥಕ ಎಂದು ಬಾಯಿಪಾಠ ಮಾಡಿದ್ದೀರಿ. ಆಗಬಹುದೇನೋ ಎಂಬ ಸಂಶಯವನ್ನು ಹೇಳಲೆಂದೇ ಕನ್ನಡ ಕ್ರಿಯಾಪದಕ್ಕೆ ಒಂದು ರೂಪ ಮೀಸಲಿಟ್ಟಿದೆ. ಇನ್ನು "ಅಂತೆ" ಇದೆಯಲ್ಲ, ಅದು ಅದ್ಭುತವಾದ ಪ್ರತ್ಯಯ. ನಾನು ಕಂಡದ್ದಲ್ಲ, ಕೇಳಿದ್ದು ಎಂದು ಎರಡೇ ಅಕ್ಷರದಲ್ಲಿ ಹೇಳಿ ಮುಗಿಸುತ್ತದೆ. ಅಂತೆ ಕಂತೆ ಎಂದು ನಾವು ಹಗುರ ಮಾಡುತ್ತೇವೆ. ಆದರೆ ಬಾಯಿಂದ ಬಾಯಿಗೆ ಸುದ್ದಿ ದಾಟುವಾಗ ಅದರ ಜೊತೆಗೆ ಒಂದು ಎಚ್ಚರಿಕೆಯ ಚೀಟಿಯನ್ನೂ ದಾಟಿಸುತ್ತಿದ್ದುದು ಇದೇ "ಅಂತೆ".

ಫಾರ್ವರ್ಡ್ ಬಟನ್ನಿಗೆ "ಅಂತೆ" ಇಲ್ಲ. ಯಾರೋ ಬರೆದದ್ದನ್ನು ನೀವು ಒತ್ತಿ ಕಳಿಸಿದಾಗ ಅದು ನಿಮ್ಮ ಹೆಸರಿನಲ್ಲಿ, ನಿಮ್ಮ ಫೋಟೋ ಹೊತ್ತು, "ಇದೆ" ಎಂದೇ ಹೋಗಿ ಮುಟ್ಟುತ್ತದೆ. ಅಕ್ಕ ಕಳಿಸಿದ್ದು ಎಂದು ತಮ್ಮ ನಂಬುತ್ತಾನೆ. ಅಕ್ಕ ಎದುರಿಗೆ ಕೂತು ಹೇಳಿದ್ದರೆ "ಹೀಗಂತೆ ಕಣೋ, ನಿಜವೋ ಸುಳ್ಳೋ ಗೊತ್ತಿಲ್ಲ" ಎನ್ನುತ್ತಿದ್ದಳು.

ಇದರ ಪರಿಣಾಮವನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2006ರಿಂದ 2017ರ ತನಕ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳ ಜಾಡು ಹಿಡಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ನಿಜ ಸುದ್ದಿಗಿಂತ ಸುಳ್ಳು ಸುದ್ದಿಯನ್ನು ಮುಂದಕ್ಕೆ ಕಳಿಸುವ ಸಾಧ್ಯತೆ ಶೇ. 70ರಷ್ಟು ಹೆಚ್ಚು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೊತ್ತು ಬೇಕು. ಈ ವ್ಯತ್ಯಾಸಕ್ಕೆ ಯಂತ್ರದ ಖಾತೆಗಳು ಕಾರಣವಲ್ಲ, ಮನುಷ್ಯರೇ ಎಂದೂ ಅವರು ಕಂಡುಕೊಂಡರು. ಸುಳ್ಳು ಹೆಚ್ಚು ಹೊಸದಾಗಿ, ಹೆಚ್ಚು ಬೆರಗಾಗಿ ಕಾಣುತ್ತದೆ ಎಂಬುದು ಅವರು ಕೊಟ್ಟ ವಿವರಣೆ. ನಾಣ್ಯವನ್ನು ನೆನಪಿಸಿಕೊಳ್ಳಿ. ಶಾನನ್ನರ ಲೆಕ್ಕದಲ್ಲಿ ಹೆಚ್ಚು ಅನಿರೀಕ್ಷಿತವಾದದ್ದಕ್ಕೇ ಹೆಚ್ಚು ಬಿಟ್. ನಿಜಕ್ಕೆ ನಿನ್ನೆಯ ಜೊತೆ ಹೊಂದಿಕೊಂಡು ನಡೆಯುವ ಕಟ್ಟುಪಾಡು ಇದೆ, ಸುಳ್ಳಿಗೆ ಆ ಕಟ್ಟುಪಾಡಿಲ್ಲ, ಎಷ್ಟು ಬೇಕಾದರೂ ಬೆರಗು ತುಂಬಿಕೊಂಡು ಬರಬಹುದು. ಅರ್ಥವನ್ನು ಲೆಕ್ಕದಿಂದ ಹೊರಗಿಟ್ಟದ್ದು ತಂತಿಯ ಮಟ್ಟಿಗೆ ಸರಿಯಾಗಿತ್ತು. ನಾವು ಮನುಷ್ಯರ ಗಮನವನ್ನೇ ತಂತಿಯ ಹಾಗೆ ನಡೆಸತೊಡಗಿದೆವು. ಎಡವಟ್ಟಾದದ್ದು ಅಲ್ಲಿ.

ಇನ್ನು ಉತ್ತರ ಹೇಳುವ ಯಂತ್ರಗಳಿಗೆ ಬರೋಣ, ನೀವೆಲ್ಲ ಕಾಯುತ್ತಿರುವುದು ಇದಕ್ಕೇ ಅನಿಸುತ್ತದೆ. ಅವುಗಳ ಮೂಲವೂ 1948ರ ಅದೇ ಲೇಖನದಲ್ಲಿದೆ. ಶಾನನ್ ಅಲ್ಲಿ ಒಂದು ಆಟ ಹೇಳಿಕೊಡುತ್ತಾರೆ. ಯಾವುದಾದರೂ ಪುಸ್ತಕ ತೆರೆದು ಕಣ್ಣಿಗೆ ಬಿದ್ದ ಒಂದು ಅಕ್ಷರ ಬರೆದುಕೊಳ್ಳಿ. ಇನ್ನೊಂದು ಪುಟ ತೆರೆದು ಆ ಅಕ್ಷರ ಸಿಗುವ ತನಕ ಓದಿ, ಅದರ ಮುಂದಿನ ಅಕ್ಷರ ಬರೆದುಕೊಳ್ಳಿ. ಮತ್ತೆ ಬೇರೆ ಪುಟ. ಪದಗಳಲ್ಲೂ ಹೀಗೇ ಆಡಬಹುದು. ಹೊರಬರುವುದು ಅರ್ಥವಿಲ್ಲದಿದ್ದರೂ ಭಾಷೆಯ ಹಾಗೆಯೇ ಕೇಳುವ ಸಾಲು. ಇಂದಿನ ಚಾಟ್‌ಬಾಟ್ ಈ ಆಟದ ಎಷ್ಟೋ ತಲೆಮಾರಿನ ಮುಂದಿನ ಕುಡಿ. ಮುಂದಿನ ತುಣುಕು ಯಾವುದಿರಬಹುದು ಎಂದು ಪ್ರತಿ ಹೆಜ್ಜೆಗೂ ಅದು ಸಂಭವನೀಯತೆಯನ್ನು ಲೆಕ್ಕ ಹಾಕುತ್ತದೆ. ಅಂದರೆ ಅದರ ಹೊಟ್ಟೆಯೊಳಗೆ ಎಲ್ಲವೂ "ಬಂದೀತು" ರೂಪದಲ್ಲೇ ಇದೆ. ಆ ಅಂಕಿಗಳನ್ನೆಲ್ಲ ಬದಿಗಿಟ್ಟು, ಆರಿಸಿದ ಒಂದನ್ನು ಮಾತ್ರ ನಮಗೆ ತೋರಿಸುತ್ತದೆ. ನಮ್ಮ ಕಣ್ಣಿಗೆ ಬೀಳುವುದು "ಬರುತ್ತದೆ".

2023ರಲ್ಲಿ ಪ್ರಕಟವಾದ, ಚಾಟ್‌ಬಾಟ್‌ನ ಹಿಂದೆ ಕೆಲಸ ಮಾಡುವ ಜಿಪಿಟಿ-4 ಎಂಬ ಮಾದರಿಯ ತಾಂತ್ರಿಕ ವರದಿಯಲ್ಲಿ ಒಂದು ಚಿತ್ರ ಇದೆ, ನೋಡಿ ನನಗೆ ನಿದ್ದೆ ಹಾರಿಹೋಗಿತ್ತು. ಮೊದಲ ಹಂತದ ತರಬೇತಿ ಮುಗಿದಾಗ ಆ ಮಾದರಿ ತನ್ನ ಉತ್ತರದ ಮೇಲಿಟ್ಟ ಭರವಸೆಗೂ, ಉತ್ತರ ನಿಜವಾಗಿ ಸರಿಯಿರುವ ಪ್ರಮಾಣಕ್ಕೂ ಚೆನ್ನಾಗಿ ತಾಳೆಯಾಗುತ್ತಿತ್ತು. ಮನುಷ್ಯರಿಗೆ ಹಿಡಿಸುವಂತೆ ಅದನ್ನು ತಿದ್ದಿದ ಎರಡನೇ ಹಂತದ ಬಳಿಕ ಆ ತಾಳೆ ಕೆಟ್ಟಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ವಕೀಲರು ಚಾಟ್‌ಬಾಟ್ ಹುಟ್ಟಿಸಿಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ಇದು ನಿಜವಾದ ಮೊಕದ್ದಮೆಯೇ ಎಂದು ಅವರು ಆ ಚಾಟ್‌ಬಾಟನ್ನೇ ಕೇಳಿದ್ದರು. ಹೌದು ಎಂದಿತ್ತು.

ನಮ್ಮ ಮನೆಯಲ್ಲೇ ಆದದ್ದೊಂದು ಹೇಳುತ್ತೇನೆ. ಈಚೆಗೆ ತಂದೆಯವರ ಎದೆಯ ಸ್ಕ್ಯಾನ್ ಆಯಿತು. ಶ್ವಾಸಕೋಶದಲ್ಲಿ ಒಂದು ಸಣ್ಣ ಗಂಟು. ಇಂಗ್ಲಿಷಿನ ರಿಪೋರ್ಟಿನಲ್ಲಿ ಇದ್ದದ್ದು ಹೀಗೆ: ಹಳೆಯ ಸೋಂಕಿನ ಕಲೆ ಇರಬಹುದು, ಮೂರು ತಿಂಗಳ ಬಳಿಕ ಮತ್ತೆ ಸ್ಕ್ಯಾನ್ ಮಾಡಿಸಬೇಕು. ತಂದೆಯವರಿಗೆ ಅರ್ಥವಾಗಲಿ ಎಂದು ತಮ್ಮ ಅದನ್ನು ಚಾಟ್‌ಬಾಟಿಗೆ ಹಾಕಿ ಕನ್ನಡದಲ್ಲಿ ಸಾರಾಂಶ ತೆಗೆದ. ಸಾರಾಂಶ ಹೀಗಿತ್ತು: "ಶ್ವಾಸಕೋಶದಲ್ಲಿ ಹಳೆಯ ಸೋಂಕಿನ ಕಲೆ ಇದೆ. ಮೂರು ತಿಂಗಳ ಬಳಿಕ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಬಹುದು." ಇನ್ನೊಮ್ಮೆ ಓದಿಕೊಳ್ಳಿ. ರೋಗದ ಮುಂದಿದ್ದ "ಬಹುದು" ಮಾಯವಾಗಿ ಸಲಹೆಯ ಮುಂದೆ ಬಂದು ಕೂತಿದೆ. ತಂದೆಯವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಮಾಡಿಸಬಹುದು ಅಂದ್ರೆ ಮಾಡಿಸದಿದ್ರೂ ನಡೀತದೆ ಅಂತ ತಾನೆ?" ಎಂದು ಕೇಳಿದರು.

ಅವರದು ಸರಿಯಾದ ಓದು. ತಪ್ಪು ಇದ್ದದ್ದು ಅವರ ಕೈಗೆ ಬಂದ ಹಾಳೆಯಲ್ಲಿ.

ಮೊದಲು ಏನಾದರೂ ಹುಡುಕಿದರೆ ಹತ್ತು ಕೊಂಡಿಗಳ ಪಟ್ಟಿ ಬರುತ್ತಿತ್ತು. ಒಂದು ಹೀಗೆನ್ನುತ್ತದೆ, ಇನ್ನೊಂದು ಹಾಗೆನ್ನುತ್ತದೆ ಎಂಬುದು ಪಟ್ಟಿ ನೋಡಿದರೇ ಕಾಣುತ್ತಿತ್ತು. ಆ ಜಗಳವೂ ಮಾಹಿತಿಯೇ ಆಗಿತ್ತು. ಈಗ ಒಂದೇ ಪ್ಯಾರಾ ಬರುತ್ತದೆ, ಒಂದೇ ದನಿಯಲ್ಲಿ. ಏನನ್ನೂ ಬಚ್ಚಿಟ್ಟಿಲ್ಲ, ಯಾವುದನ್ನೂ ನಿಷೇಧಿಸಿಲ್ಲ, ಆದರೂ ನಮ್ಮ ಕೈಗೆ ಬಂದದ್ದರಲ್ಲಿ ಏನೋ ಕಳೆದುಹೋಗಿದೆ.

ನಿಮ್ಮಲ್ಲಿ ಕೆಲವರು ತಲೆ ಅಲ್ಲಾಡಿಸುತ್ತಿದ್ದೀರಿ. ಅನುಮಾನಕ್ಕೆ ಇಷ್ಟು ಮರ್ಯಾದೆ ಕೊಟ್ಟರೆ ಅನುಮಾನವನ್ನೇ ಮಾರುವವರಿಗೆ ಅನುಕೂಲವಲ್ಲವೇ? ನ್ಯಾಯವಾದ ಪ್ರಶ್ನೆ. 1954ರ ಜನವರಿಯಲ್ಲಿ ಅಮೆರಿಕದ ಸಿಗರೇಟು ಕಂಪನಿಗಳು ಒಟ್ಟಾಗಿ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟವು. ಶ್ವಾಸಕೋಶದ ಕ್ಯಾನ್ಸರ್‌ಗೆ ಸಿಗರೇಟೇ ಕಾರಣ ಎನ್ನಲು ಪುರಾವೆ ಇಲ್ಲ ಎಂಬುದು ಅದರ ತಿರುಳು. 1969ರ ಒಂದು ಒಳಗಿನ ಟಿಪ್ಪಣಿ ಆಮೇಲೆ ಹೊರಗೆ ಬಂತು. ಅನುಮಾನವೇ ನಮ್ಮ ಸರಕು ಎಂದು ಅದರಲ್ಲಿ ಬರೆದುಕೊಂಡಿದ್ದರು. ಈಗ ನಕಲಿ ವಿಡಿಯೊ ಮಾಡುವುದು ಸುಲಭವಾದ ಮೇಲೆ, ನಿಜವಾದ ವಿಡಿಯೊದಲ್ಲಿ ಸಿಕ್ಕಿಬಿದ್ದವರೂ "ಅದು ನಕಲಿ" ಎಂದು ಜಾರಿಕೊಳ್ಳಬಹುದು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಮ್ಮ ಹಿರಿಯರು ಎಚ್ಚರಿಕೆಗೆ ಹೇಳಿದ್ದರು, ನುಣುಚಿಕೊಳ್ಳುವವರ ಆಸರೆಗಲ್ಲ.

ಈ ಎರಡು ಅನುಮಾನಗಳನ್ನು ಬೇರೆ ಮಾಡುವುದು ಹೇಗೆ? ನನಗೆ ಕಂಡ ಗುರುತು ಒಂದೇ: ಪ್ರಾಮಾಣಿಕ ಅನುಮಾನಕ್ಕೆ ಅಳತೆ ಇರುತ್ತದೆ. ಎಷ್ಟು ಎಂದು ಕೇಳಿದರೆ ಉತ್ತರ ಬರುತ್ತದೆ, ಹೊಸ ಪುರಾವೆ ಬಂದಂತೆ ಆ ಅಳತೆ ಏರಿಳಿಯುತ್ತದೆ. ಮಾರಾಟದ ಅನುಮಾನ ಎಷ್ಟು ಪುರಾವೆ ಸುರಿದರೂ ಕರಗುವುದಿಲ್ಲ. ಸಿಗರೇಟಿನ ವಿಷಯದಲ್ಲಿ 1954ರಲ್ಲೂ ಅದೇ ಮಾತು, ಹದಿನೈದು ವರ್ಷದ ಬಳಿಕವೂ ಅದೇ ಮಾತು.

ಅಳತೆ ಹೇಳುವುದು ಸುಲಭವಲ್ಲ ನಿಜ. 1951ರಲ್ಲಿ ಅಮೆರಿಕದ ಗುಪ್ತಚರ ವಿಶ್ಲೇಷಕರು ಯುಗೊಸ್ಲಾವಿಯಾದ ಮೇಲೆ ದಾಳಿ ಆಗುವ "ಗಂಭೀರ ಸಾಧ್ಯತೆ" ಇದೆ ಎಂದು ವರದಿ ಕೊಟ್ಟರು. ಗಂಭೀರ ಎಂದರೆ ಎಷ್ಟು ಎಂದು ಹೊರಗಿನವರೊಬ್ಬರು ಕೇಳಿದಾಗ ತಂಡದ ಮುಖ್ಯಸ್ಥರಲ್ಲೊಬ್ಬರಾದ ಶರ್ಮನ್ ಕೆಂಟ್ ಸುಮಾರು ಶೇ. 65 ಎಂದರು. ಆಮೇಲೆ ಅದೇ ವರದಿಗೆ ಒಪ್ಪಿಗೆ ಕೊಟ್ಟ ಸಹೋದ್ಯೋಗಿಗಳನ್ನು ಒಬ್ಬೊಬ್ಬರಾಗಿ ಕೇಳಿದರೆ, ಒಬ್ಬರ ಮನಸ್ಸಿನಲ್ಲಿ ಶೇ. 20, ಇನ್ನೊಬ್ಬರಲ್ಲಿ ಶೇ. 80. ಎಲ್ಲರೂ ಒಂದೇ ಪದಕ್ಕೆ ತಲೆದೂಗಿ ಬೇರೆ ಬೇರೆ ಲೋಕದಲ್ಲಿದ್ದರು. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ಈ ಪಾಠ ಕಲಿತಿದೆ. ಅದರ ವರದಿಗಳಲ್ಲಿ "ಸಂಭವ" ಎಂದರೆ ಶೇ. 66ಕ್ಕಿಂತ ಹೆಚ್ಚು, "ತುಂಬ ಸಂಭವ" ಎಂದರೆ ಶೇ. 90ಕ್ಕಿಂತ ಹೆಚ್ಚು ಎಂದು ಮೊದಲೇ ಕಟ್ಟು ಹಾಕಿಕೊಂಡಿದ್ದಾರೆ. ಉತ್ತರ ಹೇಳುವ ಯಂತ್ರ ಕಟ್ಟುವವರಿಂದ, ಆಸ್ಪತ್ರೆಯವರಿಂದ, ಆಳುವವರಿಂದ ನಾವು ಇಷ್ಟನ್ನು ಕೇಳಿದರೆ ದುಬಾರಿ ಬೇಡಿಕೆಯಲ್ಲ. ಕಾಯ್ದೆಯಲ್ಲಿ ಬರೆದಿಲ್ಲ ಎಂದು ಕಾಯುವುದೂ ಬೇಡ, ಬಾಯಿಬಿಟ್ಟು ಕೇಳಬಹುದು.

ಸಾರಾಂಶದ ಆ ಹಾಳೆಯನ್ನು ಬದಿಗಿಟ್ಟು, ಮೂಲ ರಿಪೋರ್ಟ್ ಹಿಡಿದು ನಾನೂ ತಂದೆಯವರೂ ವೈದ್ಯರ ಹತ್ತಿರ ಹೋದೆವು. "ಇರಬಹುದು ಅಂತ ಬರೆದಿದ್ದಾರಲ್ಲ ಡಾಕ್ಟ್ರೇ, ಎಷ್ಟು ಇರಬಹುದು?" ಎಂದೆ. ಅವರು ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದರು. ಆಮೇಲೆ ನನ್ನನ್ನು ಬಿಟ್ಟು ತಂದೆಯವರ ಕಡೆ ತಿರುಗಿ ಹೇಳಿದರು: "ಇಷ್ಟು ಸಣ್ಣ ಗಂಟು ನೂರು ಜನರಲ್ಲಿ ಕಂಡರೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಏನೂ ಆಗಿರೋದಿಲ್ಲ. ನೀವು ಆ ತೊಂಬತ್ತರಲ್ಲಿ ಇದ್ದೀರೋ ಇಲ್ವೋ ಈ ಒಂದು ಚಿತ್ರದಲ್ಲಿ ನನಗೆ ಕಾಣೋದಿಲ್ಲ. ಅದಕ್ಕೇ ಇನ್ನೊಂದು ಚಿತ್ರ ಬೇಕು ಅಂತಿರೋದು."

ತಂದೆಯವರು ತಲೆಯಾಡಿಸಿದರು. ಗಾಬರಿಯಾಗಲಿಲ್ಲ. ಮನೆಗೆ ಬಂದವರೇ ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಹಾಳೆ ಮಗುಚಿ, ಒಂದು ದಿನಾಂಕಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿದರು. ಆ ದಿನಕ್ಕೆ ಇನ್ನು ಮೂರು ವಾರ ಇದೆ.